ಕಿವಿ ಮೂಳೆ ಅಳೆದು ಡಾಲ್ಫಿನ್‌ನ ಊರು ಹೇಳಬಹುದಾ?

ಪಾಡ್‌ಕಾಸ್ಟ್ ಪಠ್ಯರೂಪ: ಕಾರವಾರದ ಡಾಲ್ಫಿನ್, ವಿಶಾಖಪಟ್ಟಣದ ಡಾಲ್ಫಿನ್ ಎರಡೂ ಒಂದೇ ಜಾತಿಯವಾ? ಕವಡೆಯಷ್ಟು ದೊಡ್ಡ ಒಂದು ಮೂಳೆಗೂ ಈ ಪ್ರಶ್ನೆಗೂ ಇರುವ ನಂಟು

ಈ ಸಂಚಿಕೆಯ ಪ್ರಶ್ನೆ ಬಂದಿರೋದು ಸಿದ್ದಾಪುರದಿಂದ. ಸಿದ್ದಾಪುರ ಅಂದ ತಕ್ಷಣ ಉತ್ತರ ಕನ್ನಡದ್ದು, ಕಡಲು ಹತ್ತಿರ ಇರೋದು ಅಂದುಕೊಳ್ಳಬೇಡಿ. ಇದು ಕೊಪ್ಪಳ ಜಿಲ್ಲೆಯ ಸಿದ್ದಾಪುರ. ಗಂಗಾವತಿ, ಕಾರಟಗಿ ಕಡೆಯ ಭತ್ತದ ಸೀಮೆ. ಕಡಲಿಗೂ ಆ ಊರಿಗೂ ಏನೇನೂ ಸಂಬಂಧ ಇಲ್ಲ. ಆದರೆ ಅಲ್ಲಿನ ಮಾಸ್ತರರೊಬ್ಬರು ಕೇಳಿರೋದು ಕಡಲಿನ ವಿಷಯವನ್ನೇ. ಅವರ ಮಾತಲ್ಲೇ ಹೇಳ್ತೀನಿ: “ಡಾಲ್ಫಿನ್ನಿನ ಕಿವಿ ಎಲುಬು ಅಳದು ಅದು ಯಾವ ಕಡಲಿಂದು ಅಂತ ಹೇಳ್ತಾರಂತ, ಖರೇ ಏನ್ರಿ? ಹೇಳಿದ್ರೂ ಅದರಿಂದ ಉಪಯೋಗ ಏನ್ರಿ?”

ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ: ಖರೆ. ಆದರೆ ಒಂದೇ ಒಂದು ಮೂಳೆ ಕೈಗೆ ಕೊಟ್ಟು ‘ಹೇಳಪ್ಪಾ’ ಅಂದರೆ ಯಾರಿಗೂ ಹೇಳೋಕಾಗಲ್ಲ. ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಅದರೊಳಗೆ ನಮ್ಮ ಕಿತ್ತೂರು, ಧಾರವಾಡ ಕೂಡ ಬರುತ್ತವೆ.

ಡಾಲ್ಫಿನ್‌ಗೆ ಕಿವಿ ಎಲ್ಲಿದೆ ಅನ್ನೋದರಿಂದ ಶುರು ಮಾಡೋಣ. ಹೊರಗಡೆ ನೋಡಿದರೆ ಕಿವಿಯೇ ಕಾಣಲ್ಲ. ಕಣ್ಣಿನ ಹಿಂದೆ ಸೂಜಿ ಚುಚ್ಚಿದ ಹಾಗೆ ಒಂದು ತೂತು ಇರುತ್ತೆ, ಅಷ್ಟೇ. ಅದರಿಂದ ಕೇಳೋ ಕೆಲಸ ಹೆಚ್ಚೇನೂ ನಡೆಯಲ್ಲ. ಸದ್ದು ಒಳಗೆ ಹೋಗೋದು ಕೆಳದವಡೆಯಿಂದ. ದವಡೆ ಮೂಳೆಯ ಒಳಗೆ ವಿಶೇಷ ಬಗೆಯ ಕೊಬ್ಬು ತುಂಬಿರುತ್ತೆ. ನೀರಿನಲ್ಲಿ ಬಂದ ಸದ್ದು ಆ ಕೊಬ್ಬಿನ ದಾರಿ ಹಿಡಿದು ನೇರ ಒಳಗಿವಿಗೆ ತಲುಪುತ್ತೆ. ಅಮೆರಿಕದ ಕೆನೆತ್ ನಾರಿಸ್ ಅನ್ನೋ ವಿಜ್ಞಾನಿ 1960ರ ದಶಕದಲ್ಲಿ ಈ ಮಾತು ಹೇಳಿದಾಗ ಅದು ವಿಚಿತ್ರ ಅನ್ನಿಸಿತ್ತು. ಈಗ ಪಠ್ಯಪುಸ್ತಕದ ಮಾತಾಗಿದೆ.

ಆ ದಾರಿಯ ತುದಿಯಲ್ಲಿ, ಪ್ರತಿ ಕಡೆಗೂ ಒಂದರಂತೆ, ಎರಡು ಮೂಳೆಗಳ ಜೋಡಿ ಇರುತ್ತೆ. ಒಂದರ ಹೆಸರು ಬುಲ್ಲಾ. ಮಡಚಿಕೊಂಡ ಚಿಪ್ಪಿನ ಹಾಗೆ ಇರುತ್ತೆ. ಚೌಕಾಬಾರ ಆಡೋ ಕವಡೆ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ರೂಪ. ಇನ್ನೊಂದು ಪೆರಿಯೋಟಿಕ್. ಇದು ಗಟ್ಟಿ ಗುಂಡು. ಇದರ ಹೊಟ್ಟೆಯಲ್ಲೇ ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ಕಾಕ್ಲಿಯಾ, ಅಂದರೆ ನಿಜವಾಗಿ ಕೇಳೋ ಅಂಗ ಇರೋದು. ನಮ್ಮ ಕರಾವಳಿಯ ಡಾಲ್ಫಿನ್‌ಗಳಲ್ಲಿ ಇವು ಮೂರ್ನಾಲ್ಕು ಸೆಂಟಿಮೀಟರ್ ಉದ್ದ ಇರಬಹುದು. ಎರಡೂ ಅಂಗೈಯಲ್ಲಿ ಕೂರುತ್ತವೆ. ಕೂತರೂ ಭಾರ ಗೊತ್ತಾಗುತ್ತೆ, ಮೂಳೆ ಅನ್ನೋದಕ್ಕಿಂತ ಕಲ್ಲು ಅನ್ನಬೇಕು. ದನದ ತೊಡೆ ಮೂಳೆಯಲ್ಲಿ ಖನಿಜದ ಪಾಲು ಸುಮಾರು ಶೇ 67. ಫಿನ್ ತಿಮಿಂಗಿಲದ ಬುಲ್ಲಾದಲ್ಲಿ ಅದು ಶೇ 86ರ ಹತ್ತಿರ. ಹಾಗಾಗಿ ಇದು ಬಾಗಲ್ಲ, ಬಿದ್ದರೆ ಪಿಂಗಾಣಿಯ ಹಾಗೆ ಸೀಳುತ್ತೆ. ಬಡಿತ ತಡೆಯೋದು ಇದರ ಕೆಲಸವೇ ಅಲ್ಲ, ಸದ್ದನ್ನು ಕೆಡಿಸದೆ ಹಿಡಿಯೋದು ಇದರ ಕೆಲಸ.

ಈ ಗಟ್ಟಿತನದಿಂದಲೇ ಇವು ಲಕ್ಷಾಂತರ ವರ್ಷ ಉಳಿಯುತ್ತವೆ. 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ‘ಚಾಲೆಂಜರ್’ ಹಡಗು ಪೆಸಿಫಿಕ್‌ನ ತಳದಿಂದ ಕೆಸರು ಎತ್ತಿದಾಗ ಅದರಲ್ಲಿ ಶಾರ್ಕ್ ಹಲ್ಲು ಮತ್ತು ತಿಮಿಂಗಿಲದ ಕಿವಿ ಮೂಳೆಗಳು ಸಿಕ್ಕವು. ಉಳಿದ ಅಸ್ಥಿಪಂಜರವೆಲ್ಲ ಕರಗಿ ಹೋಗಿತ್ತು.

ಇನ್ನೊಂದು ಸ್ವಾರಸ್ಯ ಇದೆ. ನಮ್ಮ ಕಿವಿ ಮೂಳೆ ತಲೆಬುರುಡೆಗೆ ಬೆಸೆದುಕೊಂಡಿರುತ್ತೆ. ಡಾಲ್ಫಿನ್‌ನಲ್ಲಿ ಹಾಗಲ್ಲ. ಬುರುಡೆಯ ಅಡಿಯಲ್ಲಿ, ನಾರಿನ ಅಂಟುಗಳಲ್ಲಿ ತೂಗಿಬಿಟ್ಟ ಹಾಗೆ ಇರುತ್ತೆ. ಸುತ್ತ ಗಾಳಿ ತುಂಬಿದ ಕುಳಿಗಳು. ಬುರುಡೆಗೆ ತಾಗಿಕೊಂಡಿದ್ದರೆ ನೀರಿನೊಳಗೆ ಇಡೀ ತಲೆ ಅದುರಿ, ಎಡಗಡೆಯ ಸದ್ದು ಯಾವುದು ಬಲಗಡೆಯದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಬಿಡಿಯಾಗಿರೋದರಿಂದ ಎರಡು ಕಿವಿಯೂ ಬೇರೆ ಬೇರೆಯಾಗಿ ಕೇಳುತ್ತವೆ. ಡಾಲ್ಫಿನ್‌ಗೆ ಇದು ಅನುಕೂಲ, ಅಳೆಯೋಕೆ ಕೂತವರಿಗೆ ತಲೆನೋವು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಅಳತೆಗೆ ಬರೋಣ. ಸಿದ್ದಾಪುರದವರಿಗೆ ಇದನ್ನ ಭತ್ತದಿಂದಲೇ ಹೇಳಬಹುದು. ಸೋನಾ ಮಸೂರಿ ಯಾವುದು, ದಪ್ಪ ಭತ್ತ ಯಾವುದು ಅಂತ ಅಲ್ಲಿ ಮಕ್ಕಳೂ ಹೇಳ್ತಾರೆ. ಕಾಳಿನ ಉದ್ದ ಎಷ್ಟು, ಅಗಲ ಎಷ್ಟು, ಅಗಲಕ್ಕೆ ಉದ್ದ ಎಷ್ಟು ಪಟ್ಟು ಅನ್ನೋದರ ಮೇಲೇ ತಳಿ ಗುರುತಿಸೋದು. ಆದರೆ ಒಂದು ಕಾಳು ನೋಡಿ ಹೇಳಿದರೆ ಮೋಸ ಹೋಗಬಹುದು. ಒಂದು ಹಿಡಿ ಬೇಕು. ಇನ್ನೊಂದು ತೊಡಕೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಚೆನ್ನಾಗಿ ಸಿಕ್ಕ ಗದ್ದೆಯ ಕಾಳು ತುಂಬಿಕೊಂಡಿರುತ್ತೆ. ಅದೇ ಬೀಜ ಟೇಲ್‌ಎಂಡ್‌ನಲ್ಲಿ ನೀರು ಕಾಣದೆ ಬೆಳೆದರೆ ಕಾಳು ಸೊರಗುತ್ತೆ. ಎರಡು ಹಿಡಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತೆ. ಅದು ತಳಿಯ ವ್ಯತ್ಯಾಸವಾ, ನೀರಿನ ವ್ಯತ್ಯಾಸವಾ?

ಡಾಲ್ಫಿನ್ ಅಳೆಯೋರಿಗೂ ಇದೇ ಪ್ರಶ್ನೆ. ಒಂದು ಕಡಲಿನ ಡಾಲ್ಫಿನ್ ಇನ್ನೊಂದು ಕಡಲಿನದಕ್ಕಿಂತ ದೊಡ್ಡದಿದ್ದರೆ, ಅಲ್ಲಿ ಮೀನು ಜಾಸ್ತಿ ಸಿಕ್ಕಿರಬಹುದು. ಮೂತಿ ಉದ್ದ ಇದ್ದರೆ ವಯಸ್ಸು ಹೆಚ್ಚಿರಬಹುದು. ತಲೆಬುರುಡೆ ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯುತ್ತೆ, ಹಾಗಾಗಿ ಮರಿಯ ಬುರುಡೆಯನ್ನೂ ದೊಡ್ಡದರ ಬುರುಡೆಯನ್ನೂ ಹೋಲಿಸೋ ಹಾಗೇ ಇಲ್ಲ. ದಡಕ್ಕೆ ಬಂದು ಬೀಳುವ ಹೆಣಗಳಲ್ಲಿ ಎಲ್ಲ ವಯಸ್ಸಿನವೂ ಇರುತ್ತವೆ. ಪೂರ್ತಿ ಬೆಳೆದ ಬುರುಡೆ ಮಾತ್ರ ಬೇಕು ಅಂದರೆ ಲೆಕ್ಕಕ್ಕೆ ಸಿಗೋದೇ ಕೆಲವು.

ಕಿವಿ ಮೂಳೆಯ ಬೆಲೆ ಇರೋದು ಇಲ್ಲೇ. ಮರಿ ಹುಟ್ಟುವ ಹೊತ್ತಿಗೇ ಇದು ಬಹುಮಟ್ಟಿಗೆ ದೊಡ್ಡ ಪ್ರಾಣಿಯ ಅಳತೆಗೆ ಬಂದುಬಿಟ್ಟಿರುತ್ತೆ. ಹುಟ್ಟಿದ ಗಳಿಗೆಯಿಂದಲೇ ಕದಡಿದ ನೀರಲ್ಲಿ ತಾಯಿಯ ದನಿ ಗುರುತಿಸಿ ಹಿಂದೆ ಹೋಗಬೇಕು. ಕಿವಿ ಆಮೇಲೆ ಬೆಳೆಯಲಿ ಅಂತ ಕಾಯೋಕಾಗಲ್ಲ. ಹೀಗಾಗಿ ಆ ಪ್ರಾಣಿ ಮುಂದೆ ಏನು ತಿಂತು, ಎಷ್ಟು ವರ್ಷ ಬದುಕಿತು ಅನ್ನೋದು ಈ ಮೂಳೆಯ ಅಳತೆಯನ್ನು ಹೆಚ್ಚು ಬದಲಿಸಲ್ಲ. ಮರಿಯದೂ ಲೆಕ್ಕಕ್ಕೆ ಬರುತ್ತೆ, ಮುದಿಯದೂ ಬರುತ್ತೆ. ಭತ್ತದ ಮಾತಲ್ಲಿ ಹೇಳೋದಾದರೆ, ಇದು ಕಾಲುವೆಯ ನೀರಿಗೆ ಅಷ್ಟಾಗಿ ಬಗ್ಗದ ಕಾಳು.

ಅಳೆಯೋದು ಹೇಗೆ? ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಹೈಸ್ಕೂಲಿನ ಲ್ಯಾಬಿನಲ್ಲಿ ಎಲ್ಲರೂ ಹಿಡಿದಿರೋದೇ. ಬುಲ್ಲಾದ ಉದ್ದ, ಅಗಲ, ಎತ್ತರ, ಹಿಂಬದಿಯ ಎರಡು ಉಬ್ಬುಗಳ ನಡುವಿನ ಅಂತರ, ಪೆರಿಯೋಟಿಕ್‌ನ ಉದ್ದ, ಕಾಕ್ಲಿಯಾ ಇರುವ ಗುಂಡಿನ ಅಡ್ಡಳತೆ, ಹೀಗೆ ಹತ್ತಾರು. ಮೂಳೆಗಳ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರ್ ಇರಬಹುದು, ಅಳೆಯುವ ಕೈಯ ತಪ್ಪೇ ಅರ್ಧ ಮಿಲಿಮೀಟರ್ ಆದರೆ ಎಲ್ಲಾ ಹೋಯ್ತು. ಅದಕ್ಕೇ ಒಂದೇ ಮೂಳೆಯನ್ನು ಒಬ್ಬರೇ ಮತ್ತೆ ಮತ್ತೆ ಅಳೆದು, ತಮ್ಮ ಕೈ ಎಷ್ಟು ತಪ್ಪುತ್ತೆ ಅನ್ನೋದನ್ನ ಮೊದಲು ಲೆಕ್ಕ ಹಾಕ್ತಾರೆ. ಎಡಗಿವಿಯನ್ನು ಎಡಗಿವಿಗೇ ಹೋಲಿಸಬೇಕು. ಅಂಚಿನಲ್ಲಿ ತೆಳ್ಳಗಿನ ಕೊಂಡಿಯಂಥ ಭಾಗಗಳಿವೆ, ಅವು ಮುರಿದಿದ್ದರೆ ಆ ಅಳತೆಯನ್ನ ಬಿಟ್ಟುಬಿಡಬೇಕು. ಈಗ ಸಿ.ಟಿ. ಸ್ಕ್ಯಾನ್ ಮಾಡಿ ಒಳಗಿನ ಕಾಕ್ಲಿಯಾದ ಸುತ್ತುಗಳನ್ನೂ ಅಳೀತಾರೆ.

ಆಮೇಲಿನದು ಲೆಕ್ಕ. ಸುಮ್ಮನೆ ಒಂದು ಉದಾಹರಣೆ ಅಂತಿಟ್ಟುಕೊಳ್ಳಿ. ಒಂದು ಕಡಲಿನ ಬುಲ್ಲಾಗಳು 32ರಿಂದ 36 ಮಿಲಿಮೀಟರ್, ಇನ್ನೊಂದರವು 33ರಿಂದ 37. ಈಗ ನಿಮ್ಮ ಕೈಗೆ 35 ಮಿಲಿಮೀಟರಿನ ಮೂಳೆ ಕೊಟ್ಟರೆ? ಯಾವ ಕಡಲಿನದೂ ಆಗಿರಬಹುದು. ನಾನು ಮೊದಲೇ ‘ಒಂದು ಮೂಳೆ ಕೊಟ್ಟರೆ ಹೇಳೋಕಾಗಲ್ಲ’ ಅಂದಿದ್ದು ಇದಕ್ಕೇ. ಆದರೆ ಉದ್ದ, ಅಗಲ, ಎತ್ತರ, ಉಬ್ಬುಗಳ ಅಂತರ ಎಲ್ಲವನ್ನೂ ಒಟ್ಟಿಗೆ ತೂಗಿದರೆ, ಒಂದೊಂದರಲ್ಲಿ ಬೆರೆತು ಹೋಗಿದ್ದ ಗುಂಪುಗಳು ಬೇರೆಯಾಗಿ ನಿಲ್ಲಬಹುದು. ಜನಸಂದಣಿಯಲ್ಲಿ ಒಬ್ಬರನ್ನ ಬರೀ ಎತ್ತರದಿಂದ ಗುರುತಿಸೋಕಾಗಲ್ಲ, ಎತ್ತರ, ನಡಿಗೆ, ಭುಜದ ಅಗಲ ಎಲ್ಲ ಸೇರಿದರೆ ದೂರದಿಂದಲೇ ಗೊತ್ತಾಗುತ್ತಲ್ಲ, ಹಾಗೆ. ಜಪಾನಿನ ತೊಶಿಯೊ ಕಸುಯಾ 1973ರಲ್ಲಿ, ಹಲ್ಲಿರುವ ತಿಮಿಂಗಿಲಗಳ ಇಡೀ ಬಳಗವನ್ನು (ಡಾಲ್ಫಿನ್‌ಗಳೂ ಇದರಲ್ಲೇ ಬರುತ್ತವೆ) ಈ ಕಿವಿ ಮೂಳೆಗಳನ್ನೇ ಆಧಾರವಾಗಿಟ್ಟುಕೊಂಡು ವಿಂಗಡಿಸಿ ನೋಡಿದರು. ಆ ಕೆಲಸ ಇವತ್ತಿಗೂ ಬಳಕೆಯಲ್ಲಿದೆ.

ಇನ್ನು ನಮ್ಮ ದಡಕ್ಕೆ ಬರೋಣ. ಕಾರವಾರದಿಂದ ಮಂಗಳೂರಿನವರೆಗೆ ದಡದ ಹತ್ತಿರ ಕಾಣೋ ಡಾಲ್ಫಿನ್‌ಗಳಲ್ಲಿ ಮುಖ್ಯವಾದದ್ದು ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ಮೇಲೆ ಉದ್ದನೆಯ ಗೂನು, ಅದರ ಮೇಲೆ ಚಿಕ್ಕ ರೆಕ್ಕೆ. ಬೂದು ಬಣ್ಣ. ಆಳಕ್ಕೆ ಹೋಗಲ್ಲ, ಅಳಿವೆ ಬಾಯಿ, ಕೊಲ್ಲಿ ಇಂಥ ಕಡೆಯೇ ಓಡಾಟ. ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 1829ರಲ್ಲಿ. ದ್ಯುಸ್ಸುಮಿಯೆ ಅನ್ನೋ ಫ್ರೆಂಚ್ ವರ್ತಕ ಮಲಬಾರ್ ಕರಾವಳಿಯಿಂದ ಒಯ್ದ ಪ್ರಾಣಿಯನ್ನು ಆಧರಿಸಿ ಪ್ಯಾರಿಸ್ಸಿನ ಕ್ಯುವಿಯೆ ‘ಪ್ಲಂಬಿಯಸ್’ ಅಂತ ಕರೆದರು. ಸೀಸದ ಬಣ್ಣದ್ದು ಅಂತ ಅರ್ಥ.

ಅತ್ತ ಪೂರ್ವ ಕರಾವಳಿಯ ಕಥೆಯಲ್ಲಿ ಬರೋದು ವಾಲ್ಟರ್ ಎಲಿಯಟ್. ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್. ಆಗ ಇನ್ನೂ 21ರ ಹುಡುಗ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದು, ನಮ್ಮ ಕಡೆಯ ಶಾಸನಗಳನ್ನ ಪ್ರತಿ ಮಾಡಿಸಿ ಕಲೆಹಾಕಿದ. ಚಾಲುಕ್ಯರ ಚರಿತ್ರೆಗೆ ಅದು ದೊಡ್ಡ ಆಧಾರವಾಯಿತು. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನೂ ಪ್ರಕಟಿಸಿದ. ಮುಂದೆ ಆಂಧ್ರದ ಕರಾವಳಿಗೆ ಅಧಿಕಾರಿಯಾಗಿ ಹೋದಾಗ, ವಿಶಾಖಪಟ್ಟಣದ ವಾಲ್ಟೇರಿನಲ್ಲಿ ಬೆಸ್ತರ ಬಲೆಗೆ ಬಿದ್ದ ಡಾಲ್ಫಿನ್‌ಗಳ ಬುರುಡೆಗಳನ್ನ, ಚಿತ್ರಗಳನ್ನ ಸಂಗ್ರಹಿಸಿದ. ಅವನ್ನ ಲಂಡನ್ನಿನಲ್ಲಿ ರಿಚರ್ಡ್ ಓವೆನ್ ಪರಿಶೀಲಿಸಿ 1866ರಲ್ಲಿ ಹೆಸರು ಕೊಟ್ಟರು. ಇವತ್ತು ಚಿಲಿಕಾ ಸರೋವರದಲ್ಲಿ ಪ್ರವಾಸಿಗರು ದೋಣಿ ಹತ್ತಿ ನೋಡೋ ಐರಾವಡಿ ಡಾಲ್ಫಿನ್‌ಗೆ ಹೆಸರು ಬಂದಿದ್ದು ಎಲಿಯಟ್ 1852ರಲ್ಲಿ ಪಡೆದ ಮಾದರಿಯಿಂದ. ಅದೇ ಕಂತೆಯಲ್ಲಿ ಮೈಮೇಲೆ ಮಚ್ಚೆಗಳಿದ್ದ ಒಂದು ಗೂನುಬೆನ್ನಿನ ಬಳಗದ ಡಾಲ್ಫಿನ್ ಕೂಡ ಇತ್ತು. ಓವೆನ್ ಅದಕ್ಕೆ ‘ಲೆಂಟಿಜಿನೋಸಸ್’, ಅಂದರೆ ಮಚ್ಚೆಯದು, ಅಂತ ಬೇರೆ ಹೆಸರಿಟ್ಟರು.

ಸರಿ, ಮಲಬಾರಿನ ಸೀಸದ ಬಣ್ಣದ್ದು ಒಂದು, ವಾಲ್ಟೇರಿನ ಮಚ್ಚೆಯದು ಇನ್ನೊಂದು. ಇವೆರಡೂ ಬೇರೇನಾ, ಒಂದೇನಾ? ನೂರೈವತ್ತು ವರ್ಷದಿಂದ ಈ ಪ್ರಶ್ನೆ ತೂಗಾಡ್ತಾ ಇದೆ. 2004ರಲ್ಲಿ ಜೆಫರ್ಸನ್ ಮತ್ತು ವ್ಯಾನ್ ವೇರೆಬೀಕ್ ಬೇರೆ ಬೇರೆ ದೇಶಗಳ ಗೂನುಬೆನ್ನಿನ ಡಾಲ್ಫಿನ್‌ಗಳ ತಲೆಬುರುಡೆ ಅಳೆದು, ಪ್ರದೇಶದಿಂದ ಪ್ರದೇಶಕ್ಕೆ ಏನು ಬದಲಾಗುತ್ತೆ ಅಂತ ನೋಡಿದರು. 2014ರಲ್ಲಿ ಜೆಫರ್ಸನ್ ಮತ್ತು ರೋಸೆನ್‌ಬಾಮ್ ಬುರುಡೆ, ಬಣ್ಣ, ವಂಶವಾಹಿ ಎಲ್ಲವನ್ನೂ ಸೇರಿಸಿ ಈ ಬಳಗವನ್ನ ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು: ಪಶ್ಚಿಮ ಆಫ್ರಿಕದ್ದು, ಹಿಂದೂ ಮಹಾಸಾಗರದ್ದು, ಚೀನಾ ಮತ್ತು ಆಗ್ನೇಯ ಏಷ್ಯಾದ್ದು, ಆಸ್ಟ್ರೇಲಿಯಾದ್ದು. ನಮ್ಮ ಕರ್ನಾಟಕದ್ದು ಎರಡನೆಯದು. ಎರಡನೆಯದು ಮುಗಿದು ಮೂರನೆಯದು ಶುರುವಾಗೋ ಗಡಿ ಬಂಗಾಳ ಕೊಲ್ಲಿಯ ಎಲ್ಲೋ ಒಂದು ಕಡೆ ಬರುತ್ತೆ. ಅಂದರೆ ಎಲಿಯಟ್ ನಿಂತಿದ್ದ ಅದೇ ದಡದ ಆಸುಪಾಸು. ಎಲ್ಲಿ ಅಂತ ಗೆರೆ ಎಳೆಯೋಕೆ ಇನ್ನೂ ಆಗಿಲ್ಲ. ಬಾಂಗ್ಲಾದೇಶದ ಗುಂಪಿನ ವಂಶವಾಹಿ ನೋಡಿದರೆ ಅದು ಎರಡರಿಂದಲೂ ದೂರ ನಿಂತಿದೆ.

ಮಾಸ್ತರರು ಕೇಳಿದ ‘ಉಪಯೋಗ ಏನು’ ಅನ್ನೋದಕ್ಕೆ ಈಗ ಬಂದೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ನಮ್ಮ ಕಡೆಯ ಪ್ಲಂಬಿಯಾ ‘ಅಳಿವಿನಂಚಿನಲ್ಲಿರುವ’ ಪ್ರಾಣಿ. ಚೀನಾ ಕಡೆಯದು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದಲ್ಲಿದೆ. ಎರಡನ್ನೂ ಒಂದೇ ಅಂತ ಎಣಿಸಿದ್ದ ಕಾಲದಲ್ಲಿ ಆಫ್ರಿಕದಿಂದ ಚೀನಾವರೆಗೆ ಎಷ್ಟೊಂದು ಇವೆಯಲ್ಲ ಅನ್ನಿಸ್ತಿತ್ತು. ಬೇರೆ ಅಂತ ಗೊತ್ತಾದ ಮೇಲೆ ಲೆಕ್ಕ ಎರಡು ಪಾಲಾಯಿತು. ಪಶ್ಚಿಮ ಕರಾವಳಿಯಲ್ಲಿ ಬಲೆಗೆ ಸಿಕ್ಕಿ ಸತ್ತರೆ ಆ ಜಾಗ ತುಂಬೋಕೆ ಬಂಗಾಳ ಕೊಲ್ಲಿಯಿಂದ ಯಾವ ಡಾಲ್ಫಿನ್ನೂ ಬರಲ್ಲ. ದಡಕ್ಕೆ ಅಂಟಿಕೊಂಡೇ ಬದುಕೋ ಪ್ರಾಣಿ; ಬಲೆ, ಬಂದರು, ದೋಣಿ ಎಲ್ಲ ಇರೋದೂ ದಡದಲ್ಲೇ.

ಹೊಳೆಯ ಡಾಲ್ಫಿನ್‌ಗಳಲ್ಲೂ ಇದೇ ನಡೆದಿದೆ. ಗಂಗೆಯದೂ ಸಿಂಧೂ ನದಿಯದೂ ಬೇರೆ ಬೇರೆ ಅಂತ ಸ್ವಿಟ್ಜರ್ಲೆಂಡಿನ ಪಿಲ್ಲೆರಿ ಮತ್ತು ಗಿಹ್ರ್ 1971ರಲ್ಲೇ ಹೇಳಿದ್ದರು. ಬುರುಡೆಗಳು ತೀರಾ ಕಡಿಮೆ ಅಂತ ಆ ಮಾತು ನಿಲ್ಲಲಿಲ್ಲ, ಎರಡನ್ನೂ ಮತ್ತೆ ಒಂದು ಮಾಡಿದರು. 2021ರಲ್ಲಿ ಬ್ರೌಲಿಕ್ ಮತ್ತು ಸಂಗಡಿಗರು ಬುರುಡೆಗಳನ್ನ ಮತ್ತೆ ಅಳೆದು ಹೌದು, ಬೇರೇನೇ ಅಂದರು. ಅಲ್ಲಿಗೆ ಐವತ್ತು ವರ್ಷ. 2025ರ ಮಾರ್ಚ್‌ನಲ್ಲಿ ಪ್ರಕಟವಾದ ನಮ್ಮ ದೇಶದ ಮೊದಲ ಎಣಿಕೆಯಲ್ಲಿ ಹೊಳೆ ಡಾಲ್ಫಿನ್‌ಗಳ ಒಟ್ಟು ಅಂದಾಜು 6,327. ಅದರಲ್ಲಿ ಸಿಂಧೂ ಬಳಗದವು, ಪಂಜಾಬಿನ ಬಿಯಾಸ್ ನದಿಯವು, ಬರೀ 3. ಒಂದೇ ಪ್ರಭೇದ ಅಂತಿದ್ದರೆ ಆ 3 ಅನ್ನೋ ಸಂಖ್ಯೆ 6,327ರಲ್ಲಿ ಮುಚ್ಚಿಹೋಗ್ತಿತ್ತು.

ಹಾಗಂತ ಕಿವಿ ಮೂಳೆಯನ್ನ ಪೂರಾ ನಂಬೋಕೂ ಆಗಲ್ಲ. ಅದು ಕೇಳೋ ಉಪಕರಣ. ಕದಡಿದ ಅಳಿವೆಯಲ್ಲಿ ಬದುಕೋ ಗುಂಪಿಗೂ ತಿಳಿನೀರಿನ ಗುಂಪಿಗೂ ಕೇಳೋ ಅಗತ್ಯ ಬೇರೆಯಾದರೆ ಮೂಳೆಯ ರೂಪವೂ ತಲೆಮಾರುಗಳಲ್ಲಿ ಬೇರೆಯಾಗಬಹುದು, ಇನ್ನೂ ಅವು ಒಂದೇ ಪ್ರಭೇದವಾಗಿದ್ದರೂ. ಅದಕ್ಕೇ ಅಳತೆ ಒಂದನ್ನೇ ಹಿಡಿದು ತೀರ್ಪು ಕೊಡಬಾರದು. ವಂಶವಾಹಿ, ಬಣ್ಣ, ಬುರುಡೆ ಜೊತೆಗಿರಬೇಕು. ವಂಶವಾಹಿ ಇದ್ದ ಮೇಲೆ ಕ್ಯಾಲಿಪರ್ ಯಾಕೆ ಅಂತ ಕೇಳಬಹುದು. 1852ರ ಮಾದರಿಯಿಂದ ವಂಶವಾಹಿ ತೆಗೆಯೋದು ಸುಲಭ ಅಲ್ಲ. ಮೂಳೆ ಮಾತ್ರ ಇವತ್ತೂ ಅಳತೆಗೆ ಸಿಗುತ್ತೆ. ಅಂದಹಾಗೆ, ಹಳೆಯ ವಂಶವಾಹಿ ಉಳಿಯೋದಿದ್ದರೂ ಇಂಥ ಗಟ್ಟಿ ಜಾಗದಲ್ಲೇ. ಹರಿಯಾಣದ ರಾಖಿಗಢಿಯ ಸಿಂಧೂ ಕಾಲದ ಮಹಿಳೆಯ ವಂಶವಾಹಿ, 2019ರಲ್ಲಿ ಸುದ್ದಿಯಾಯಿತಲ್ಲ, ಅದು ಸಿಕ್ಕಿದ್ದೂ ಕಿವಿಯ ಸುತ್ತಲಿನ ಮೂಳೆಯಲ್ಲೇ.

ಈಗ ಮೊದಲು ಬಾಕಿ ಇಟ್ಟ ತಲೆನೋವಿನ ಮಾತು. ಡಾಲ್ಫಿನ್ ಸತ್ತು ದಡಕ್ಕೆ ಬಂದು ಕೊಳೆತಾಗ, ನಾರು ಕರಗಿ ಕಿವಿ ಮೂಳೆಗಳು ಮೊದಲೇ ಕಳಚಿ ಬೀಳುತ್ತವೆ. ಮರಳಲ್ಲಿ ಹುದುಗಿಬಿಟ್ಟರೆ ಮುಗೀತು, ಅದು ಚಿಪ್ಪೋ ಕಲ್ಲೋ ಅಂತ ಯಾರೂ ತಿರುಗಿ ನೋಡಲ್ಲ. ಆಮೇಲೆ ಯಾರೋ ಬುರುಡೆಯನ್ನ ಎತ್ತಿ ಸಂಗ್ರಹಾಲಯಕ್ಕೆ ಕೊಡ್ತಾರೆ, ಕಿವಿಯ ಜಾಗ ಖಾಲಿ. ಅಥವಾ ಮೂಳೆ ಇರುತ್ತೆ, ಎಲ್ಲಿ ಸಿಕ್ಕಿದ್ದು ಅನ್ನೋ ಚೀಟಿ ಇರಲ್ಲ. ಊರಿನಿಂದ ಊರಿಗೆ ಏನು ಬದಲಾಗುತ್ತೆ ಅಂತ ನೋಡೋ ಕೆಲಸಕ್ಕೆ ಚೀಟಿ ಇಲ್ಲದ ಮೂಳೆ ಕವಡೆಗೂ ಸಮ ಅಲ್ಲ. ಕವಡೆಯಾದರೂ ಆಟಕ್ಕೆ ಬರುತ್ತೆ.

ಕರಾವಳಿಯ ಕೇಳುಗರಿಗೆ ಒಂದು ಮಾತು. ಸತ್ತ ಡಾಲ್ಫಿನ್ ಅಥವಾ ಕಡಲಹಂದಿ ದಡದಲ್ಲಿ ಕಂಡರೆ ಮೂಳೆ ಹೆಕ್ಕಿ ಮನೆಗೆ ತರಬೇಡಿ. ಈ ಪ್ರಾಣಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅನುಮತಿ ಇಲ್ಲದೆ ಮೂಳೆ ಇಟ್ಟುಕೊಳ್ಳೋದೂ ಅಪರಾಧ. ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ಕಾರವಾರದಲ್ಲಿ, ಮಂಗಳೂರಿನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಚೇರಿಗಳಿವೆ. ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಇದೆ. ಅವರು ಬರೋ ತನಕ ಫೋಟೋ ತೆಗೆದಿಡಿ: ಇಡೀ ಮೈ ಒಂದು, ತಲೆ ಒಂದು, ಬೆನ್ನಿನ ರೆಕ್ಕೆ ಒಂದು. ಫೋನಿನಲ್ಲಿ ಜಾಗದ ಗುರುತು ಆನ್ ಇರಲಿ. ಹೆಣ ಹಳೆಯದಾಗಿದ್ದರೆ, ತಲೆಯ ಕೆಳಗಿನ ಮರಳನ್ನ ಯಾರೂ ಕೆದಕದ ಹಾಗೆ ನೋಡಿಕೊಳ್ಳಿ. ಹೂಳೋಕೆ ಜೆಸಿಬಿ ತರಿಸೋ ಮೊದಲು ಆ ಮರಳನ್ನ ಒಮ್ಮೆ ಜರಡಿ ಹಿಡಿಸಿ ಅಂತ ಬಂದವರಿಗೆ ಹೇಳಿ.